ಕಂದಕಕ್ಕೆ ಬಿದ್ದವನನ್ನು ಒಂದು ವಾರ ಹಿಂದಕ್ಕೆ ಹೊಲಿದುಕೊಡಬೇಕಾಗಿ ಬಿನ್ನಹ

ಹೆಬ್ಬೂರು
ಕಾರ್ತಿಕ ಮಾಸ, ೧೯೭೯

ದಬ್ಬಳ, ದಾರ, ಮೈದಾ ಅಂಟಿನ ಬಟ್ಟಲು ಮತ್ತು ಅಂಚು ಕತ್ತರಿಸುವ ಯಂತ್ರ, ಇಷ್ಟರ ಮೇಲೂ ಏಕಛತ್ರಾಧಿಪತ್ಯ ನಡೆಸುತ್ತ, ತುಮಕೂರಿನ ಚಿಕ್ಕಪೇಟೆಯ ಓಣಿಯೊಂದರಲ್ಲಿ ಹರಿದ ಹಾಳೆಗಳಿಗೆ ಪುನರ್ಜನ್ಮ ಕರುಣಿಸಿಕೊಂಡು ಕುಳಿತಿರುವ ಮಾನ್ಯ ಬೈಂಡರ್ ಚನ್ನವೀರಯ್ಯನವರ ಸನ್ನಿಧಾನಕ್ಕೆ, ಹೆಬ್ಬೂರಿನ ನಿವಾಸಿಯೂ ತುಮಕೂರಿನ ಕಚೇರಿಯೊಂದರ ಗುಮಾಸ್ತನೂ ಕೊತ್ತಗೆರೆಯ ಪುಟ್ಟತಾಯಮ್ಮನವರ ಅಳಿಯನೂ ಆದ ಲಕ್ಷ್ಮೀನರಸಿಂಹಯ್ಯನ ಅನಂತಾನಂತ ನಮಸ್ಕಾರಗಳು.

ಮಾನ್ಯರೇ, ಇಲ್ಲಿ ನಾವೆಲ್ಲ ಕ್ಷೇಮವೆಂದು ಬರೆದು ಮುಂದುವರಿಯುವುದು ಲೋಕರೂಢಿ. ನಮ್ಮ ಮನೆಯಲ್ಲಿ ಅತ್ತೆಯವರು ಊಟ ಬಿಟ್ಟು ಕುಳಿತಿರುವುದರಿಂದ ಆ ವಾಕ್ಯವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಅವರು ಮತ್ತೆ ತುತ್ತು ಎತ್ತುವುದು ಬಿಡುವುದು ತಮ್ಮ ದಬ್ಬಳದ ಮೊನೆಯ ಮೇಲೆ ನಿಂತಿದೆ. ಅದು ಹೇಗೆಂಬುದನ್ನು ತಾವು ಅಂಟು ಕಲೆಸುವ ಕೆಲಸವನ್ನು ಒಂದು ಗಳಿಗೆ ನಿಲ್ಲಿಸಿ ಚಿತ್ತೈಸಬೇಕು.

ತಮಗೆ ನೆನಪಿರಬಹುದು. ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಎರಡು ಧಾರಾವಾಹಿಗಳನ್ನು ನಮ್ಮ ಮನೆಯಲ್ಲಿ ವಾರವಾರವೂ ಜೋಪಾನವಾಗಿ ಕಿತ್ತಿಡುತ್ತಿದ್ದೆವು. ಊರು ಬಿಟ್ಟುಹೋದ ಗಂಡನ ದಾರಿ ಕಾಯುವ ಅಂಬುಜ ಎಂಬ ಹೆಣ್ಣುಮಗಳ ಸಂಸಾರದ ಕಥೆ ನನ್ನ ಮನೆಯವಳಾದ ಸಿದ್ದಲಕ್ಷ್ಮಮ್ಮನದು. ವಜ್ರ ಕದ್ದವರ ಬೆನ್ನು ಹತ್ತುವ ಪತ್ತೇದಾರನ ಕಥೆ ನನ್ನದು. ಎರಡೂ ಮುಗಿದ ಮೇಲೆ ಒಂದೇ ಕೈಚೀಲದಲ್ಲಿ ತಂದು ತಮ್ಮ ಮುಂದಿಟ್ಟು, ಎರಡು ಪುಸ್ತಕ ಮಾಡಿಕೊಡಿ ಎಂದು ಬಾಯಲ್ಲಿ ಹೇಳಿ ಹೋದೆ. ತಾವಾದರೋ ಬಾಯಿಮಾತಿಗಿಂತ ಅಚ್ಚಾದ ಅಕ್ಷರವನ್ನೇ ನಂಬುವ ಮಹನೀಯರು. ಪ್ರತಿ ಹಾಳೆಯ ಅಡಿಯಲ್ಲಿದ್ದ ತಾರೀಖನ್ನು ನೋಡಿ, ಎರಡು ಕಥೆಗಳ ಕಂತುಗಳನ್ನೂ ಅದರ ಪ್ರಕಾರ ಒಂದರ ಬೆನ್ನಿಗೊಂದು ಜೋಡಿಸಿ, ಮೇಲಂಚು ಸಮವಿಲ್ಲವೆಂದು ಯಂತ್ರಕ್ಕೆ ಕೊಟ್ಟು, ಕಥೆಗಳ ಹೆಸರನ್ನೂ ಬರೆದವರಿಬ್ಬರ ಹೆಸರನ್ನೂ ನುಣ್ಣಗೆ ಸವರಿ ಹಾಕಿ, ಆನೆ ತುಳಿದರೂ ಅಲ್ಲಾಡದಂತೆ ಹೊಲಿದು, ಕೆಂಪು ರಟ್ಟು ಹಾಕಿ ಒಂದೇ ಪುಸ್ತಕ ಮಾಡಿ ಕೊಟ್ಟಿರಿ. ಆ ಹೊಲಿಗೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಆಮೇಲೊಮ್ಮೆ ಬಸ್ಸಿನಲ್ಲೇ ಬಿಚ್ಚಲು ನೋಡಿದೆ, ಉಗುರು ಹೋಯಿತು.

ಆ ಪುಸ್ತಕವನ್ನು ಬಿಡಿಸಿ ನೋಡುವ ಮೊದಲೇ ನಾನು ಸಂಜೆಯ ಕುಣಿಗಲ್ ಬಸ್ಸು ಹತ್ತಿದ್ದು ಎರಡನೆಯ ಅನಾಹುತ. ನಮ್ಮ ಬಸ್ಸಿನ ಸಂಪ್ರದಾಯ ತಮ್ಮಂಥ ನಗರವಾಸಿಗಳಿಗೆ ತಿಳಿದಿರಲಾರದು. ಅಲ್ಲಿ ದಿನವೂ ಓಡಾಡುವವರು 'ಊಟ ಆಯ್ತಾ' ಎಂದು ಕೇಳುವುದಿಲ್ಲ, 'ಈಗೇನ್ ಓದ್ತಾ ಇದೀರಿ' ಎಂದು ಕೇಳುತ್ತಾರೆ. ಪುಸ್ತಕವನ್ನು ಓದಿ ಮುಗಿಸಿದವನಿಗೆ ಅದನ್ನು ಶಿಫಾರಸು ಮಾಡುವ ಹಕ್ಕಿಲ್ಲ. ಮುಗಿಸಿದವನ ಮಾತು ಆರಿದ ಕಾಫಿಯಂತೆ ಎಂದು ಕಂಡಕ್ಟರ್ ಕದರಯ್ಯನೇ ತೀರ್ಪು ಕೊಟ್ಟಿದ್ದಾನೆ. ಯಾರು ಓದುತ್ತಿದ್ದಾರೋ ಅವರೇ, ಅರ್ಧದಲ್ಲಿರುವಾಗಲೇ, ಕಂಬಿ ಹಿಡಿದು ಎದ್ದು ನಿಂತು ಇನ್ನೊಬ್ಬರಿಗೆ ಹೇಳಬೇಕು. ಕೇಳಿದವನು ಮುಂದಿನ ಸರದಿಗೆ ಕೈ ಎತ್ತಬೇಕು. ಹೀಗಾಗಿ ನಮ್ಮ ಬಸ್ಸಿನಲ್ಲಿ ಯಾವ ಪುಸ್ತಕವೂ ತನ್ನ ಯಜಮಾನನ ಮನೆ ಕಂಡದ್ದಿಲ್ಲ.

ತಾಲ್ಲೂಕು ಕಚೇರಿಯ ರಾಮಾಂಜಿನಯ್ಯ ಎಂಬವರು 'ಒಂದ್ ನಿಮಿಷ ನೋಡ್ ಕೊಡ್ತೀನಿ' ಎಂದು ನನ್ನ ಕೈಯಿಂದ ತೆಗೆದುಕೊಂಡವರು ಮರುದಿನ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಬಸ್ಸು ಹತ್ತಿ, ಕಂಬಿ ಹಿಡಿದು ನಿಂತೇಬಿಟ್ಟರು. 'ಎಂಥಾ ಬುಕ್ಕು ಸ್ವಾಮಿ! ಹೆಂಡ್ತಿ ಇಲ್ಲಿ ಹೊಸ್ಲು ಮೇಲೆ ಕೂತವ್ಳೆ, ಗಂಡ ಅಲ್ಲಿ ಓಡೋ ರೈಲಿಂದ ಹಾರ್ತಾವ್ನೆ! ಸಿಐಡಿ ಕೆಲ್ಸ ಅಂತ ಹೆಂಡ್ತಿಗೂ ಬಾಯಿ ಬುಡೋ ಹಂಗಿಲ್ಲ. ಅದ್ಕೇ ಬರ್ತಾ ಇಲ್ಲ, ಪಾಪ!'

ಮಾನ್ಯರೇ, ಈ ಭ್ರಮೆಗೆ ತಾವೊಬ್ಬರೇ ಕಾರಣರೆಂದು ನಾನು ಹೇಳಲಾರೆ. ಅಂಬುಜ ಮರ್ಯಾದಸ್ಥ ಮನೆತನದ ಸೊಸೆ. ಗಂಡನ ಹೆಸರು ಹೇಳುವವಳಲ್ಲ. ಕಥೆಯ ಉದ್ದಕ್ಕೂ 'ಅವರು' ಎಂದೇ ಅಳುತ್ತಾಳೆ. ನನ್ನ ಪತ್ತೇದಾರನಿಗೂ ಬರೆದವರು ಗುಟ್ಟಿಗಾಗಿ ಹೆಸರಿಡದೆ 'ಕರಿಕೋಟಿನವನು' ಎಂದಷ್ಟೇ ಕರೆದಿದ್ದರು. ಹೆಸರಿಲ್ಲದ ಗಂಡನೂ ಹೆಸರಿಲ್ಲದ ಪತ್ತೇದಾರನೂ ತಮ್ಮ ಅಂಗಡಿಯಲ್ಲಿ ಭೇಟಿಯಾದರು. ತಾವು ದಾರ ಹಾಕಿ ಒಬ್ಬನೇ ಮನುಷ್ಯನನ್ನಾಗಿ ಮಾಡಿದಿರಿ.

ನಾನು ಸುಮ್ಮನಿರಲಿಲ್ಲ. ಇವು ಎರಡು ಬೇರೆ ಬೇರೆ ಕಥೆಗಳೆಂದೂ, ಎರಡನ್ನೂ ಕಿತ್ತಿಟ್ಟವನು ನಾನೇ ಎಂದೂ ಹೆಬ್ಬೂರಿನಿಂದ ತುಮಕೂರಿನವರೆಗೆ ಗಂಟಲು ಹರಿಯುವಂತೆ ಹೇಳಿದೆ. ರಾಮಾಂಜಿನಯ್ಯನವರು ನನ್ನ ಭುಜ ತಟ್ಟಿ, 'ನೀವು ಬುಕ್ಕು ಸರ್ಯಾಗಿ ಓದಿಲ್ಲ ಬುಡಿ ಸ್ವಾಮಿ. ಇನ್ನೊಂದ್ ಸಾರಿ ಓದಿ, ನಾನೇ ಶಿಫಾರಸು ಮಾಡ್ತಾ ಇದೀನಿ' ಎಂದರು. ನನ್ನ ಪುಸ್ತಕಕ್ಕೆ ನನ್ನ ಸರದಿ ಯುಗಾದಿಯ ಆಚೆಗೆ ಬಂತು.

ಅಲ್ಲಿಂದ ಅದು ಬೆಂಕಿಯಂತೆ ಹಬ್ಬಿತು. ಶಾಲೆಯ ಮೇಡಂ ಕರಿಬಸಮ್ಮನವರು ಅದನ್ನು ತಮ್ಮ ತವರಾದ ಗುಬ್ಬಿಗೆ ಒಯ್ದರು. ಗುಬ್ಬಿಯವರು ನಾಟಕ ನೋಡಿ ನೋಡಿ ಪಳಗಿದ ಜನ. ಅವರನ್ನು ಏಮಾರಿಸುವುದು ಸುಲಭವಲ್ಲ. ಒಂದು ಕಂತಿನಲ್ಲಿ ಅಂಬುಜಳ ಅತ್ತೆ ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡಳೆಂದೂ, ಅದರ ಮುಂದಿನ ಕಂತಿನಲ್ಲೇ ಮುಸುಕಿನ ಹೆಂಗಸೊಬ್ಬಳು ವಜ್ರದ ಪೆಟ್ಟಿಗೆಯ ಬೀಗ ತೆಗೆದಳೆಂದೂ ಪತ್ತೆಹಚ್ಚಿ, ಕಳ್ಳರ ಗುಂಪಿನ ನಾಯಕಿ ಅತ್ತೆಯೇ ಎಂದು ಅಲ್ಲಿಯೇ ನಿಷ್ಕರ್ಷೆ ಮಾಡಿ ಕಳಿಸಿದರು. ಇದನ್ನು ಕೇಳಿ ನಮ್ಮ ಬಸ್ಸಿನ ಸೊಸೆಯಂದಿರೆಲ್ಲ 'ನಂಗೆ ಮೊದ್ಲೇ ಗೊತ್ತಿತ್ತು' ಎಂದರು. ಬರೆದವರಿಬ್ಬರಿಗೂ ಹೊಳೆಯದಿದ್ದ ಈ ಸತ್ಯವನ್ನು ಬರೀ ಮೈದಾ ಅಂಟಿನಿಂದ ಸಾಧಿಸಿದ ತಮಗೆ ಯಾವ ಪರಿಷತ್ತೂ ಇನ್ನೂ ಶಾಲು ಹೊದಿಸದಿರುವುದು ನಾಡಿನ ದುರ್ದೈವ.

ಇಷ್ಟಕ್ಕೇ ನಿಂತಿದ್ದರೆ ನಾನೂ ಶಾಲಿಗೆ ಶಿಫಾರಸು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಕೊನೆಯ ಎರಡು ವಾರಗಳು ಉಳಿದಿದ್ದವು. ಅಂಬುಜಳ ಕಥೆ ಮೊದಲು ಮುಗಿಯಿತು. ಅದರ ಕೊನೆಯ ಕಂತಿನಲ್ಲಿ ಅವಳು ಬಾಗಿಲಲ್ಲಿ ದೀಪ ಹಚ್ಚಿಟ್ಟು ನಿಂತಿರುತ್ತಾಳೆ, ಕತ್ತಲಲ್ಲಿ ಗೇಟು ತೆರೆದ ಸದ್ದಾಗುತ್ತದೆ, ಮುಕ್ತಾಯ. ಪತ್ತೇದಾರನ ಕಥೆ ಮುಗಿದದ್ದು ಅದರ ಮರುವಾರ. ಅದರಲ್ಲಿ ಕರಿಕೋಟಿನವನು ಕಳ್ಳರೊಂದಿಗೆ ಹೊಡೆದಾಡುತ್ತ ಕಂದಕಕ್ಕೆ ಬೀಳುತ್ತಾನೆ, ಕೋಟು ಸಿಗುತ್ತದೆ, ಆಳು ಸಿಗುವುದಿಲ್ಲ. ತಾವು ತಾರೀಖಿಗೆ ನಿಷ್ಠರಾಗಿ ಗೇಟಿನ ಸದ್ದನ್ನು ಮೊದಲೂ ಕಂದಕವನ್ನು ಆಮೇಲೂ ಹೊಲಿದಿರಿ.

ಆ ಎರಡು ಕಂತುಗಳನ್ನು ಕದರಯ್ಯ ಗಟ್ಟಿಯಾಗಿ ಓದಿದ್ದು ಹೆಬ್ಬೂರು ಇನ್ನೂ ಸ್ವಲ್ಪ ದೂರವಿರುವಾಗ, ಬಸ್ಸಿನ ಟೈರು ಪಂಕ್ಚರಾಗಿ ಜನವೆಲ್ಲ ಹುಣಸೆಮರದ ಕೆಳಗೆ ಕುಳಿತಿದ್ದಾಗ. ಆವತ್ತೇ ನಮ್ಮ ಅತ್ತೆಯವರು ಮಗಳನ್ನು ನೋಡಲು ಆ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ಓದು ಬಾರದು. ಹಿಂದಿನ ಕಥೆಯನ್ನೆಲ್ಲ ಪಕ್ಕದ ಸೀಟಿನವರು ಶ್ರದ್ಧೆಯಿಂದ ಹೇಳಿ ಸಿದ್ಧಮಾಡಿದ್ದರು. ಗೇಟಿನ ಸದ್ದಾದಾಗ ಅತ್ತೆಯವರು ಕೈ ಮುಗಿದರಂತೆ. ಕಂದಕ ಬಂದಾಗ ಬಸ್ಸಿನವರೆಲ್ಲ ಅತ್ತರಂತೆ, ಡ್ರೈವರು ಜಾಕಿಯ ಮೇಲೆ ಕುಳಿತು ಬೀಡಿ ಆರಿಸಿದನಂತೆ. ನಮ್ಮ ಮನೆಗೆ ಬಂದ ಅತ್ತೆಯವರು ಕೈಕಾಲು ತೊಳೆದು, ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, 'ಆ ಹುಡ್ಗಿ ಗಂಡ ಬರ್ಲಿ, ಆಮೇಲೆ ಉಣ್ತೀನಿ' ಎಂದರು.

ಅಂದಿನಿಂದ ಎಳನೀರು, ಬಾಳೆಹಣ್ಣು, ಹುರಿಗಡಲೆ. ಅದು ಊಟವಲ್ಲ ಎಂಬುದು ಅವರ ವಾದ. ನಾವು ಮೊದಲು ನಕ್ಕೆವು. ಈಗ ಅವರ ಬಳೆಗಳು ಮೊಣಕೈಯವರೆಗೆ ಜಾರುತ್ತಿವೆ, ನಡುಮನೆಯಿಂದ ಹಿತ್ತಲಿಗೆ ಗೋಡೆ ಹಿಡಿದು ಹೋಗುತ್ತಿದ್ದಾರೆ. ಡಾಕ್ಟರು ನಾಡಿ ಹಿಡಿದು ನಗುವುದನ್ನು ನಿಲ್ಲಿಸಿದ್ದಾರೆ. ಮಾವನವರಾದ ಗಂಗಹನುಮಯ್ಯನವರು ಕೊತ್ತಗೆರೆಯಿಂದ ಓಡಿ ಬಂದರು. ಹೆಂಡತಿಯನ್ನು ಕಂಡು ಮರುಗುವುದಕ್ಕಿಂತ ಹೆಚ್ಚಾಗಿ ತಮ್ಮ ಪಾಡಿಗೇ ನೊಂದುಕೊಂಡರು. 'ನಾನ್ ಮದ್ರಾಸಿಗೋಗಿ ಮೂರ್ ತಿಂಗ್ಳು ಕಾಗ್ದ ಇಲ್ದೆ ಇದ್ದಾಗ ಇವ್ಳು ಒಂದ್ ಹೊತ್ತಾದ್ರೂ ಬುಟ್ಟಿದ್ಳಾ ಕೇಳಪ್ಪಾ!' ಅತ್ತೆಯವರು ತಲೆ ಎತ್ತದೆ ಹೇಳಿದರು: 'ನೀನು ವಜ್ರ ಹುಡ್ಕಕ್ಕೆ ಹೋಗಿದ್ಯಾ? ಜಗ್ಳ ಆಡ್ಕೊಂಡ್ ಹೋಗಿದ್ದೆ. ಹಸಿವು ಚೆನ್ನಾಗೇ ಆಯ್ತಿತ್ತು.'

ಸಿದ್ದಲಕ್ಷ್ಮಮ್ಮ ತಾಯಿಯ ಮುಂದೆ ಕುಳಿತು ಆಣೆ ಇಟ್ಟು ಹೇಳಿದಳು: 'ಅವ್ವಾ, ಅದು ಬೇರೆ ಕತೆ, ಇದು ಬೇರೆ ಕತೆ. ಅಂಬುಜನ ಗಂಡ ಬಂದ, ಗೇಟು ಸದ್ದಾಯ್ತಲ್ಲ!' ಅದಕ್ಕೆ ಅತ್ತೆಯವರು, 'ಬಂದೋನು ಮುಂದಿನ್ ವಾರ ಯಾಕ್ ಬಿದ್ದ? ಬಂದ್ ಮೇಲೆ ತೆಪ್ಪಗೆ ಮನೇಲಿರ್ಬಾರ್ದಿತ್ತಾ? ಹೊಲ್ದಿರೋ ಬುಕ್ಕು ಸುಳ್ಳೇಳ್ತದೇನೇ?' ಎಂದರು. ಕೊನೆಗೆ ನನ್ನವಳು ಜಾಣತನ ಮಾಡಿ, ಹಾಳೆ ಹಿಂದುಮುಂದಾಗಿದೆ, ಅವನು ಮೊದಲು ಬಿದ್ದ, ಆಮೇಲೆ ಎದ್ದು ಬಂದ ಎಂದಳು. ಅತ್ತೆಯವರು, 'ಹಂಗಾದ್ರೆ ಹೊಲ್ದೋನೇ ಬಿಚ್ಚಿ ಸರ್ಯಾಗಿ ಹೊಲ್ದು ಕೊಡ್ಲಿ. ಕದರಯ್ಯ ಓದ್ಲಿ. ಉಣ್ತೀನಿ' ಎಂದು ಷರತ್ತು ಹಾಕಿದರು.

ಈ ಷರತ್ತನ್ನು ಹೊತ್ತು ನಾನು ತಮ್ಮ ಅಂಗಡಿಗೆ ಬಂದಾಗ ತಾವು ಕನ್ನಡಕವನ್ನು ಹಣೆಗೇರಿಸಿ ದಯಪಾಲಿಸಿದ ಮಾತು ಇದು: 'ತಾರೀಖಿನ ಪ್ರಕಾರ ಸರಿಯಾಗೇ ಇದೆ. ಸರಿ ಇರೋದನ್ನ ಬಿಚ್ಚೋ ಪದ್ಧತಿ ನಮ್ಮಲ್ಲಿಲ್ಲ.' ಮಾನ್ಯರೇ, ಎಂಥ ಮಾತು! ಬೈಂಡಿಂಗ್ ಇತಿಹಾಸದಲ್ಲಿ ಕಲ್ಲಿನ ಮೇಲೆ ಕೆತ್ತಿಸುವಂಥದ್ದು. ಅಂದಿನಿಂದಲೇ ತಮ್ಮ ಮೇಲಿನ ನನ್ನ ಗೌರವ ಎಷ್ಟು ಬೆಳೆದಿದೆಯೆಂದರೆ, ಲೋಕದ ಇತರ ವ್ಯವಹಾರಗಳನ್ನೂ ತಮ್ಮ ವಶಕ್ಕೆ ಒಪ್ಪಿಸುವುದೇ ಲೇಸೆಂದು ತೋರುತ್ತಿದೆ. ದಯವಿಟ್ಟು ನನ್ನ ಕಚೇರಿಯ ಕಡತಗಳನ್ನು ಬಿಚ್ಚಿ, ಮಂಜೂರಾತಿಯನ್ನು ಅರ್ಜಿಗಿಂತ ಮುಂದಕ್ಕೆ ಹೊಲಿದುಕೊಡಬೇಕು. ಹುತ್ರಿದುರ್ಗದ ಬೆಟ್ಟ ಹತ್ತುವವರಿಗೆ ಇಳಿಜಾರನ್ನು ಮೊದಲು ಬರುವಂತೆ ಜೋಡಿಸಬೇಕು. ನನ್ನ ಭಾವಮೈದುನನ ಮದುವೆಯ ಸಂತೋಷವನ್ನು ಅವನ ಮದುವೆಯಾದ ಮೇಲಿನ ವರ್ಷಗಳಿಗೆ ಅಲ್ಲೊಂದು ಇಲ್ಲೊಂದು ಹಾಳೆಯಾಗಿ ಸೇರಿಸಬೇಕು. ಇವೆಲ್ಲ ಪದ್ಧತಿಯಲ್ಲಿಲ್ಲವಾದರೆ ಬೇಡ. ಒಂದೇ ಒಂದು ಕಂತು. ಅದನ್ನು ಒಂದು ವಾರ ಹಿಂದಕ್ಕೆ, ಗೇಟಿನ ಸದ್ದಿನ ಈಚೆಗೆ ಸರಿಸಿ. ಅಷ್ಟೇ. ಕರಿಕೋಟಿನವನು ಬೀಳಲಿ, ನನ್ನ ಅಡ್ಡಿಯಿಲ್ಲ. ಬಿದ್ದವನು ಎದ್ದು, ಕೋಟಿಲ್ಲದೆ, ಚಳಿಯಲ್ಲಿ ನಡೆದು ಆ ಹುಡುಗಿಯ ಬಾಗಿಲಿಗೆ ಬರಲಿ.

ನಾನು ಎರಡೂ ಕಥೆಗಳನ್ನು ವಾರವಾರ ಓದಿದವನು. ನಿಜ ಹೇಳಬೇಕೆಂದರೆ, ಬೇರೆಬೇರೆಯಾಗಿದ್ದಾಗ ಎರಡೂ ಸಪ್ಪೆಯಾಗಿದ್ದವು. ತಾವು ಹೊಲಿದದ್ದೇ ಮೇಲು. ಅದಕ್ಕೇ, ಇಷ್ಟು ಜನರನ್ನು ಅಳಿಸಬಲ್ಲವರು ಒಬ್ಬ ಮುದುಕಿಯನ್ನು ಉಣಿಸಲಾರರೇ ಎಂದು ಕೇಳುತ್ತಿದ್ದೇನೆ.

ತಮ್ಮ ದಾರಕ್ಕೆ ಸಿಕ್ಕಿಬಿದ್ದಿರುವ,
ತಮ್ಮ ವಿಶ್ವಾಸಿ,
ಲಕ್ಷ್ಮೀನರಸಿಂಹಯ್ಯ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮುನ್ನ ಅತ್ತೆಯವರಿಗೆ ಓದಿ ಹೇಳಿದೆ. 'ಕಾಗ್ದ ಬರೆದ್ರೆ ಯಾರ್ ಕೇಳ್ತಾರೆ, ನಾನೇ ಹೋಯ್ತೀನಿ' ಎಂದಿದ್ದಾರೆ. ಸೋಮವಾರದ ಮೊದಲ ಬಸ್ಸಿಗೆ, ಪುಸ್ತಕ ಮತ್ತು ಬುತ್ತಿಯ ಸಮೇತ, ರಾಮಾಂಜಿನಯ್ಯನವರನ್ನೂ ಕರಿಬಸಮ್ಮನವರನ್ನೂ ಮಿಕ್ಕ ಪ್ರಯಾಣಿಕರನ್ನೂ ಕರೆದುಕೊಂಡು ತಮ್ಮ ಅಂಗಡಿಯ ಮೆಟ್ಟಿಲಿಗೆ ಬರುತ್ತಾರೆ. ಓದಲು ಕದರಯ್ಯ ರಜೆ ಹಾಕಿದ್ದಾನೆ. ದಬ್ಬಳ ಹರಿತ ಮಾಡಿಟ್ಟುಕೊಂಡಿರಿ. ಬುತ್ತಿಯಲ್ಲಿ ತಮ್ಮ ಪಾಲಿಗೂ ಒಂದು ಮುದ್ದೆ, ಅವರೆಕಾಳು ಸಾರು ಇರುತ್ತದಂತೆ. ಆದರೆ ತಾವು ಮತ್ತೆ ತಾರೀಖಿನ ಮಾತೆತ್ತಿದರೆ ಆ ಬುತ್ತಿಯ ಗಂಟು ಬಿಚ್ಚುವ ಪದ್ಧತಿ ಅವರಲ್ಲಿಲ್ಲವಂತೆ.