ಬಿಸ್ಕತ್ತಿನ ಡಬ್ಬಿ ಮುಚ್ಚಿದವಳೇ ಕಳ್ಳಿ

ಪರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನೀಗ ಬಾಯಿ ಬಿಡುವುದಿಲ್ಲ. ಹಿಂದೆ ಹಾಗಿರಲಿಲ್ಲ. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿಗೆ ಬಂದವರಿಗೆಲ್ಲ ಕಾಫಿಗೂ ಮುಂಚೆ ಆ ವಿಷಯದಲ್ಲಿ ಉಪನ್ಯಾಸ ಕೊಡುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮಗಳು ಮೇಘಾ ಒಳಗಿನಿಂದ ಬಂದು ಇಂಗ್ಲಿಷಿನಲ್ಲಿ ಏನಾದರೂ ಕೇಳಿ ನನ್ನ ಮಾನ ಕಳೆಯುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಮೈಸೂರಿನಿಂದ ತರಿಸಿದ ಅಕ್ಷರಮಾಲೆಯ ಚಾರ್ಟು ಗೋಡೆಯ ತೇವ ಮುಚ್ಚಲಷ್ಟೇ ಉಪಯೋಗಕ್ಕೆ ಬಂತು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಧಾರವಾಡದಿಂದ ನನ್ನ ಅತ್ತೆ ಬಂದರು. ಅವರಿಗೆ ಇಂಗ್ಲಿಷ್ ಬಾರದು. ಅಜ್ಜಿ ಕೇಳುವುದು, ಮೊಮ್ಮಗಳು ತಲೆ ಅಲ್ಲಾಡಿಸಿ ಕೋಣೆ ಸೇರುವುದು, ಇಷ್ಟೇ ಅವರ ಮಾತುಕತೆ. "ಹುಡುಗಿ ನನ್ನ ಜೋಡಿ ಒಂದ್ ಮಾತೂ ಆಡಂಗಿಲ್ಲ ನೋಡು" ಎಂದು ಅವರು ನನ್ನ ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಆಸ್ಪತ್ರೆಯಲ್ಲಿ ಊರವರ ಹೊಟ್ಟೆನೋವಿಗೆಲ್ಲ ಮದ್ದು ಬರೆಯುವವನಿಗೆ ಇದಕ್ಕೇನು ಬರೆಯಬೇಕೋ ತಿಳಿಯಲಿಲ್ಲ.

ಮದ್ದು ಸಿಕ್ಕಿದ್ದು ಹಿಂದಿನ ಬಾಡಿಗೆಯವರು ಬಿಟ್ಟುಹೋದ ಟಿವಿ ಡಿಶ್ಶಿನಿಂದ. ಅದು ತನಗಿಷ್ಟ ಬಂದ ದೇಶದ ಚಾನೆಲ್ ಹಿಡಿಯುತ್ತಿತ್ತು. ಒಂದು ಸಂಜೆ ಡಚ್ ಭಾಷೆಯ ಮಕ್ಕಳ ಪತ್ತೇದಾರಿ ಧಾರಾವಾಹಿ ಬಂತು. ಕಾಲುವೆ ಪಕ್ಕದ ಮನೆ, ಅಲ್ಲಿಂದ ಕಳುವಾದ ಹಳೆಯ ಗಡಿಯಾರ, ಅದನ್ನು ಹುಡುಕುವ ಮೂರು ಮಕ್ಕಳು. ಒಂದಕ್ಷರವೂ ಅರ್ಥವಾಗದ ಅಜ್ಜಿ ಮೊಮ್ಮಗಳಿಗೆ ಕನ್ನಡದಲ್ಲಿ ಕಥೆ ಹೇಳತೊಡಗಿದರು. ಆ ಮನೆಯ ಚಿಕ್ಕಮ್ಮ ಬಂದವರಿಗೆ ಕಾಫಿಯ ಜೊತೆ ಒಂದೊಂದೇ ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದಳು ನೋಡಿ, ಅತ್ತೆ ಅಲ್ಲೇ ತೀರ್ಪು ಕೊಟ್ಟರು.

"ಮನಿಗೆ ಬಂದವರ ಮುಂದ ಡಬ್ಬಿ ಮುಚ್ಚತಾಳ. ಕಳ್ಳಿ ಇಕೀನ."

ಮೇಘಾ ಮೊದಲು ಇಂಗ್ಲಿಷಿನಲ್ಲಿ ವಾದಿಸಿದಳು. ಅಜ್ಜಿಗೆ ಅದು ನಾಟಲಿಲ್ಲ. ಗೆಲ್ಲಬೇಕಾದರೆ ಎದುರಾಳಿಗೆ ತಿಳಿಯುವ ಭಾಷೆಯಲ್ಲೇ ಜಗಳವಾಡಬೇಕಲ್ಲ. ಮುರುಕು ಕನ್ನಡದಲ್ಲಿ ಶುರುವಾದದ್ದು ವಾರ ವಾರಕ್ಕೆ ಸರಾಗವಾಯಿತು. ಕಡೆಗೆ ಅವಳೂ ಅಜ್ಜಿಯ ಪಕ್ಷಕ್ಕೇ ಸೇರಿ, ಇಬ್ಬರೂ ಕೂತು ಚಿಕ್ಕಮ್ಮನ ಜಾತಕ ಜಾಲಾಡತೊಡಗಿದರು.

ನಾನು ಸುಮ್ಮನಿರಬಹುದಿತ್ತು. ಆದರೆ ಆಸ್ಪತ್ರೆಯಲ್ಲಿದ್ದ ಡಚ್ ಸಹೋದ್ಯೋಗಿಯೊಬ್ಬರು ಅದೊಂದು ಕಾದಂಬರಿಯಿಂದ ಮಾಡಿದ ಧಾರಾವಾಹಿ ಎಂದರು. ಲೈಬ್ರರಿಯಲ್ಲಿ ಅದರ ಇಂಗ್ಲಿಷ್ ಅನುವಾದ ಸಿಕ್ಕಿತು. ಓದಿದೆ. ಗಡಿಯಾರ ಕದ್ದವನು ಆ ಮನೆಯ ಫ್ಯಾಮಿಲಿ ಡಾಕ್ಟರು. ವೃತ್ತಿಬಾಂಧವನಾಗಿ ಬೇಸರವಾಯಿತು, ಅದಿರಲಿ. ಹೆಚ್ಚಿನ ಚಿಂತೆ ಬೇರೆ. ಕೊನೆಯ ಕಂತಿನಲ್ಲಿ ಅಜ್ಜಿಯ ಕಥೆಯೆಲ್ಲ ಬುರುಡೆ ಎಂದು ತಿಳಿದರೆ ಮೇಘಾ ಮತ್ತೆ ಕೋಣೆ ಸೇರುತ್ತಾಳೆ. ಇಷ್ಟು ಕಷ್ಟದಿಂದ ಬಾಯಿಗೆ ಬಂದ ಕನ್ನಡವೂ ಅವಳ ಹಿಂದೆಯೇ ಹೋಗುತ್ತದೆ. ನನಗೆ ಊಟ ರುಚಿಸದಾಯಿತು.

ಕೊನೆಯ ಕಂತಿನ ದಿನ ಅರ್ಧ ದಿನ ರಜೆ ಹಾಕಿ ಬಂದು ಸೋಫಾದ ತುದಿಯಲ್ಲಿ ಕೂತೆ. ಪೊಲೀಸರು ಬಂದರು. ಡಾಕ್ಟರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅತ್ತೆ ಒಂದಿಷ್ಟೂ ವಿಚಲಿತರಾಗದೆ, ಪೊಲೀಸರು ಪಾಪ ಡಾಕ್ಟರನ್ನು ಸಾಕ್ಷಿ ಹೇಳಿಸಲು ಕರೆದೊಯ್ದರೆಂದೂ ಚಿಕ್ಕಮ್ಮನ ಕೈಗೆ ನಾಳೆ ಬೇಡಿ ಬೀಳುವುದೆಂದೂ ವಿವರಿಸಿದರು. ಮೇಘಾ ಹೌದೌದೆಂದು ತಲೆದೂಗಿ ಅಜ್ಜಿಯ ತೊಡೆಗೆ ಒರಗಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಆದರೆ ನಿರಾಳವಾದ ಮನುಷ್ಯನ ನಾಲಿಗೆಗೆ ಲಗಾಮಿರುವುದಿಲ್ಲ. ನಿಜವಾದ ಕಳ್ಳ ಡಾಕ್ಟರೇ, ನಾನು ಪುಸ್ತಕ ಓದಿದ್ದೇನೆ ಎಂದುಬಿಟ್ಟೆ. ಅತ್ತೆ ಅಳಿಯನ ಮರ್ಯಾದೆಗೆಂದು ಸುಮ್ಮನಾದರು. ಮಗಳು ಮಾತ್ರ ಹುಟ್ಟಿದ ಮೇಲೆ ಮೊದಲ ಸಲ ನನ್ನೊಡನೆ ಪೂರ್ತಿ ಕನ್ನಡದಲ್ಲಿ, ಅದೂ ಅಪ್ಪಟ ಧಾರವಾಡದ ಕನ್ನಡದಲ್ಲಿ ಮಾತಾಡಿದಳು.

"ಅಪ್ಪಾ, ನಿನಗ ಡಚ್ ಬರತದೇನು? ಸುಮ್ಮನ ಕೂಡು."

ಸುಮ್ಮನೆ ಕೂತೆ. ಆನಂದ ತಡೆಯಲಾರದೆ ಆಮೇಲೆ ಮೈಸೂರಿನಲ್ಲಿದ್ದ ನನ್ನ ಅಮ್ಮನಿಗೆ ಫೋನ್ ಮಾಡಿ, ಮೇಘಾ ನನ್ನ ಹತ್ತಿರ ಕನ್ನಡ ಮಾತಾಡಿದಳು ಎಂದೆ. ಅಮ್ಮ ಸಂತೋಷಪಟ್ಟು, ಏನಂದಳು ಎಂದು ಕೇಳಿದರು. ಲೈನ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ.