ಬೀಗರ ಪಂಕ್ತಿಯಲ್ಲಿ ನನ್ನ ಸ್ಪ್ಯಾನಿಷ್

ನಾಲ್ಕುನೂರು ವರ್ಷಗಳ ಹಿಂದೆ ಸ್ಪ್ಯಾನಿಷ್ ಭಾಷೆ ಹೇಗಿತ್ತು ಎಂಬುದರ ಮೇಲೆ ದಿಲ್ಲಿಯಲ್ಲಿ ಡಾಕ್ಟರೇಟ್ ಪಡೆದವನು ಇಡೀ ಚನ್ನಗಿರಿ ತಾಲ್ಲೂಕಿಗೆ ನಾನೊಬ್ಬನೇ. ಬೇರೆ ಯಾರಿಗೂ ಅದು ಬೇಕಾಗಿರಲಿಲ್ಲ, ಆ ಮಾತು ಬೇರೆ!

ಎಂಬತ್ತರ ದಶಕದ ಆರಂಭ. ನ್ಯಾಮತಿಯಲ್ಲಿ ನನ್ನ ನಾದಿನಿಯ ಮದುವೆ. ಜಗಳೂರಿನ ಬೀಗರು ಬಂದಾಗಿನಿಂದ ಎಲ್ಲದಕ್ಕೂ ಮೂಗು ಮುರಿಯುತ್ತಿದ್ದರು. ಅವರ ಜೊತೆ ಬೊಂಬಾಯಿಯಿಂದ ಒಬ್ಬ ಸ್ಪೇನ್ ದೇಶದವನೂ ಬಂದಿದ್ದ. ವರನ ಚಿಕ್ಕಪ್ಪನ ಆಫೀಸಿನವನಂತೆ; ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದಂತೆ. ನಮ್ಮ ಮಾವನವರ ಎದೆ ಉಬ್ಬಿತು.

“ನಮ್ಮ ಅಳಿಯಂದ್ರು ಅವರ ಭಾಷೇಲೇ ಡಾಕ್ಟ್ರು! ಊಟದಾಗೆ ಅವರೇ ನೋಡ್ಕೊಂತಾರೆ, ಬಿಡ್ರಿ” ಎಂದು ಬೀಗರಿಗೆ ಮಾತು ಕೊಟ್ಟೇಬಿಟ್ಟರು. ಅವರ ಮಾನ ಈಗ ನನ್ನ ನಾಲಿಗೆಯ ಮೇಲಿತ್ತು.

ಒಂದೇ ತೊಡಕು. ನಾನು ಕಲಿತದ್ದೆಲ್ಲ ಪುಸ್ತಕದಿಂದ. ನನಗೆ ಗೊತ್ತಿದ್ದ ಸ್ಪ್ಯಾನಿಷರೆಲ್ಲ ಸತ್ತು ನಾಲ್ಕು ಶತಮಾನವಾಗಿತ್ತು!

ಆದರೂ ಧೈರ್ಯವಾಗಿ, ಹಳೆಯ ಅರಮನೆಯ ಶೈಲಿಯಲ್ಲಿ ಅವನಿಗೆ ಸ್ವಾಗತ ಕೋರಿದೆ. ಅವನು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಎಲೆಗೆ ಹೋಳಿಗೆ ಬಿತ್ತು. ತಿಂದು ಗಡಗಡನೆ ಏನೋ ಹೇಳಿದ.

“ಏನಂತಾರ್ರೀ?” ಮಾವ ಕೇಳಿದರು.

ಒಂದಕ್ಷರವೂ ತಿಳಿಯಲಿಲ್ಲ ಎನ್ನೋಣವೆಂದರೆ ಬೀಗರು ಎದುರಿಗೇ ಕೂತಿದ್ದರು. “ಭಾಳ ಚೆನ್ನಾಗೈತಂತೆ. ಇನ್ನೊಂದು ಹಾಕ್ರಿ” ಎಂದೆ.

ಬಿತ್ತು. ಅವನು ಕೈಮುಗಿದ. “ತುಪ್ಪ ಬೇಕಂತೆ.” ಅದೂ ಬಿತ್ತು. ಕೊನೆಗೆ ಎರಡೂ ಕೈ ಎಲೆಗೆ ಅಡ್ಡ ಹಿಡಿದ. ನಮ್ಮ ಕಡೆ ಕೈ ಅಡ್ಡ ಹಿಡಿದವರಿಗೆ ಎರಡು ಹೆಚ್ಚು ಬಡಿಸದಿದ್ದರೆ ಅದು ಉಪಚಾರವೇ ಅಲ್ಲ! ಹಾಗೇ ಬಡಿಸಲು ಹೇಳಿದೆ. ಬೀಗರು ಮೊದಲ ಸಲ ಮೆಚ್ಚಿ ತಲೆದೂಗಿದರು.

ಅತಿಥಿ ಎದ್ದವನೇ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದ.

ಫೋಟೋ ತೆಗೆಸಲು ಹೋಗಿದ್ದ ವರನ ಚಿಕ್ಕಪ್ಪ ಬಂದು, ಆಫೀಸಿನಲ್ಲಿ ಕಲಿತ ಅಷ್ಟಿಷ್ಟು ಸ್ಪ್ಯಾನಿಷ್‌ನಲ್ಲಿ ಅವನನ್ನು ವಿಚಾರಿಸಿ, ಪಂಕ್ತಿಯ ನಡುವೆಯೇ ನಿಂತು ಹೇಳಿದ: “ಮೊದಲ್ನೇ ಹೋಳಿಗೆಯಿಂದ್ಲೂ ಸಾಕು ಸಾಕು ಅಂತಿದ್ನಂತೆ ಕಣ್ರೀ! ನಿಮ್ಮ ಅಳಿಯಂದ್ರು ಮಾತಾಡಿದ್ದು ಯಾವ ದೇಶದ ಭಾಷೆ ಅಂತ ಕೇಳ್ತಾನೆ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾವನವರು ಮಾತ್ರ ನಗದೆ ತಲೆ ತಗ್ಗಿಸಿ ಒಳಗೆ ಹೋದರು. ನಾಚಿಕೆಯಿಂದ ನಾನು ನನ್ನ ಎಲೆಯನ್ನೇ ನೋಡುತ್ತ ಕೂತೆ.

“ತಿಳೀಲಿಲ್ಲ ಅನ್ನಾಕೆ ಏನಾಗಿತ್ರೀ ನಿಮಗೆ?” ಹೆಂಡತಿ ಅಳುತ್ತಾ ಕೇಳಿದಳು.

ಸಂಜೆ ಹೊನ್ನಾಳಿಯ ನೆಂಟರೊಬ್ಬರು ಮಾವನವರನ್ನು, “ಅಳಿಯಂದ್ರು ಏನ್ ಮಾಡ್ಕೊಂಡವ್ರೆ?” ಎಂದು ವಿಚಾರಿಸಿದರು.

ಮಾವನವರು ನನ್ನ ಕಡೆ ನೋಡದೆ ಹೇಳಿದರು: “ಕಾಲೇಜಿನಾಗೆ ಲೆಕ್ಕದ ಮೇಷ್ಟ್ರು.”

ಹೌದೆಂದು ನಾನೂ ತಲೆಯಾಡಿಸಿದೆ.