ನನ್ನ ಲೈಸೆನ್ಸು, ಅವನ ಟ್ರಿಗರ್ರು

ಸಾಫ್ಟ್‌ವೇರ್ ಬರೆಯುವವರ ಕೈಗೆ ಸ್ಕ್ರೂಡ್ರೈವರ್ ಸಿಗುತ್ತಿರುವವರೆಗೂ ನನ್ನಂಥವಳ ಅಂಗಡಿಗೆ ಬೀಗ ಬೀಳುವುದಿಲ್ಲ. ಒಂದು ವೇಳೆ ಬಿದ್ದರೆ ಅದೂ ಅವರಿಂದಲೇ ಬೀಳಬೇಕು.

ಅಮೆರಿಕದ ನಾರ್‌ಕ್ರಾಸ್ ಎಂಬ ಊರಿನಲ್ಲಿ ಇಂಡಿಯನ್ ದಿನಸಿ ಅಂಗಡಿಗಳ ಸಾಲಿನ ಹಿಂದೆ ನನ್ನದೊಂದು ಬಂದೂಕು ರಿಪೇರಿ ಅಂಗಡಿ ಇದೆ. ರಾಣೆಬೆನ್ನೂರಿನಲ್ಲಿ ನಮ್ಮಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು, ಹಾಗಾಗಿ ಸಣ್ಣ ಸ್ಪ್ರಿಂಗುಗಳ ಕೆಟ್ಟ ಬುದ್ಧಿ ನನಗೆ ಚಿಕ್ಕಂದಿನಿಂದ ಗೊತ್ತು. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ನನ್ನನ್ನು ಕೈಬಿಟ್ಟಿತ್ತು. ಇಲ್ಲಿಗೆ ಬಂದ ಮೇಲೆ ನಾನು ಅದನ್ನು ಬಿಡಲಿಲ್ಲ. ಬಂದೂಕಿನ ಕಾನೂನು ಪುಸ್ತಕವನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು, ಅರ್ಥವಾಗುವವರೆಗೆ ಓದಿ, ಲೈಸೆನ್ಸ್ ತೆಗೆದುಕೊಂಡೆ. ಗಿರಾಕಿಯೊಬ್ಬನ ರೈಫಲ್ಲಿಗೆ ಕಾನೂನು ಒಪ್ಪದ ಒಂದು ಬಿಡಿಭಾಗ ನನ್ನ ಕೈಯಿಂದ ಕೂತರೆ ಆ ಲೈಸೆನ್ಸೂ ಹೋಯಿತು, ಅಂಗಡಿಯೂ ಹೋಯಿತು. ನಾನು ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಕೋರ್ಟು ಹೇಳುತ್ತದೆ.

ಇಷ್ಟು ಸರಳ ವಿಷಯ ತಲೆಗೆ ಹೋಗದವನು ಒಬ್ಬನಿದ್ದಾನೆ. ಮೈಸೂರಿನವನು, ದೊಡ್ಡ ಕಂಪನಿಯಲ್ಲಿ ಇಂಜಿನಿಯರ್. ಗ್ರೀನ್ ಕಾರ್ಡ್ ಬಂದ ಖುಷಿಗೆ ಬೇರೆಯವರು ತಿರುಪತಿಗೆ ಹರಕೆ ಕಳಿಸಿದರೆ, ಇವನು ರೈಫಲ್ ಕೊಂಡ.

ಖಾಲಿ ಇದೆ

ಅವನು ಮೊದಲ ಸಲ ಬಂದದ್ದು ಕೊರೊನಾ ಕಾಲದಲ್ಲಿ. ಬಾಗಿಲಿಂದ ಕೌಂಟರ್‌ವರೆಗೆ ನೆಲಕ್ಕೆ ಟೇಪ್ ಅಂಟಿಸಿ, ದೂರ ದೂರ ನಿಲ್ಲಿ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದ ದಿನಗಳು. ಯಾರೂ ಕೇಳುತ್ತಿರಲಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡೇ ನಿಲ್ಲುತ್ತಿದ್ದರು.

ಇವನು ಯೋಗ ಮ್ಯಾಟಿನ ಚೀಲದಿಂದ ರೈಫಲ್ ಹೊರಗೆಳೆದ. ಖಾಲಿ ಇದೆಯಾ ಅಂದೆ.

"ಖಾಲಿ ಇದೆ ಆಂಟಿ, ಮನೇಲೇ ಚೆಕ್ ಮಾಡ್ಕೊಂಡು ಬಂದೆ."

ಮನೆಯಲ್ಲಿ ಖಾಲಿ ಇದ್ದದ್ದು ಇಲ್ಲಿಯೂ ಖಾಲಿ ಇದೆ ಎಂದು ನಾನು ನಂಬುವುದಿಲ್ಲ, ನಳಿಗೆ ಗೋಡೆ ಕಡೆಗಿಟ್ಟು ತೆರೆದು ತೋರಿಸು ಅಂದೆ. ಗೋಡೆ ಯಾವುದು ಎಂದು ಹುಡುಕುತ್ತಾ ಅವನು ರೈಫಲ್ ಸಮೇತ ಒಂದು ಪೂರ್ತಿ ಸುತ್ತು ತಿರುಗಿದ. ಆರತಿ ತಟ್ಟೆ ತಿರುಗಿಸಿದ ಹಾಗೆ, ಎಲ್ಲರ ಮುಖಕ್ಕೂ ಬಂತು ನಳಿಗೆ.

ಆಮೇಲೆ ನೋಡಿದರೆ ರೈಫಲ್ ನಿಜಕ್ಕೂ ಖಾಲಿ ಇತ್ತು. ಅಂಗಡಿಯೂ.

ಮಿಕ್ಕ ಸಾಮಾನು

ಮುಂದಿನ ಸಲ ಅವನು ರೈಫಲ್ ಜೊತೆಗೆ ಒಂದು ಸ್ಟೀಲ್ ಡಬ್ಬಿ ತಂದ. ಟ್ರಿಗರ್ ತುಂಬಾ ಗಟ್ಟಿ ಅನಿಸಿತಂತೆ. ಮೌಸ್ ಒತ್ತಿದಷ್ಟು ಹಗುರಾಗಿರಬೇಕು ಎಂದು ಆನ್‌ಲೈನ್‌ನಲ್ಲಿ ಹೊಸ ಟ್ರಿಗರ್ ತರಿಸಿ, ವಿಡಿಯೋ ನೋಡಿಕೊಂಡು ತಾನೇ ಹಾಕಿದ್ದ. ವಿಡಿಯೋ ಉದ್ದವಾಗಿತ್ತೆಂದು ಮಧ್ಯದಲ್ಲಿ ಓಡಿಸಿ ನೋಡಿದನಂತೆ.

ಡಬ್ಬಿಯಲ್ಲೇನಿದೆ ಅಂದೆ. ಮಿಕ್ಕಿದ್ದು ಅಂದ.

ಬಿಚ್ಚಿದರೆ ಹಳೆಯ ಟ್ರಿಗರ್, ಜೊತೆಗೆ ಒಂದು ಸ್ಪ್ರಿಂಗು, ಒಂದು ಪಿನ್ನು. ಸ್ಪ್ರಿಂಗು, ಗುಂಡು ತಪ್ಪಿ ಹಾರದಂತೆ ತಡೆಯುವ ಸೇಫ್ಟಿಯದು.

"ಅದಿಲ್ದೇನೂ ವರ್ಕ್ ಆಗ್ತಿದೆ ಆಂಟಿ. ಅನ್‌ನೆಸೆಸರಿ ಪಾರ್ಟ್ ಅನ್ಸತ್ತೆ."

ರೈಫಲ್ ಖಾಲಿ ಎಂದು ನನ್ನ ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡು, ಸೇಫ್ಟಿ ಹಾಕಿ, ಹಿಡಿಯ ಬುಡವನ್ನು ರಬ್ಬರ್ ಹಾಸಿನ ಮೇಲೆ ಮೆಲ್ಲಗೆ ತಟ್ಟಿದೆ. ಒಳಗೆ ಗುಂಡಿಗೆ ಬಡಿಯುವ ಸುತ್ತಿಗೆ ಟಕ್ ಎಂದು ಬಿತ್ತು. ಗುಂಡಿದ್ದಿದ್ದರೆ ಮೇಲಿನ ಮಹಡಿಯ ಡೆಂಟಿಸ್ಟ್ ಇನ್ನೊಂದು ಹಲ್ಲು ಕೀಳಲು ಉಳಿಯುತ್ತಿರಲಿಲ್ಲ.

ಅವನ ಮುಖ ಸ್ವಲ್ಪ ಬಿಳಿಚಿಕೊಂಡಿತು. ಆದರೂ ನಮ್ಮವನು, ಸೋಲೊಪ್ಪುವವನಲ್ಲ. ಇದು ಯಾವಾಗಲೋ ಒಮ್ಮೆ ಆಗುವ ವಿಷಯ, ಸದ್ಯಕ್ಕೆ ಹೀಗೇ ಇರಲಿ, ತೊಂದರೆ ಬಂದಾಗ ಸರಿಮಾಡೋಣ ಅಂದ.

"ಅಪ್ಪಾ, ನಿನ್ನ ಆಫೀಸಲ್ಲಿ ತೊಂದರೆ ಬಂದರೆ ಕಂಪ್ಲೇಂಟ್ ಟಿಕೆಟ್ ಬರ್ತದೆ. ಇಲ್ಲಿ ಆಂಬುಲೆನ್ಸ್ ಬರ್ತದೆ."

ಹಳೆಯ ಟ್ರಿಗರನ್ನೇ ಮತ್ತೆ ಕೂರಿಸಿ ಕೊಟ್ಟೆ. ಡಬ್ಬಿ ಮಾತ್ರ ಜ್ಞಾಪಕವಿಟ್ಟು ಕೇಳಿ ಇಸಿದುಕೊಂಡ. ಅತ್ತೆಯ ಡಬ್ಬಿಯಂತೆ, ಅದು ಕಳೆದರೆ ಮನೆಯಲ್ಲಿ ಅಪಾಯವಂತೆ.

ಅಭಿಷೇಕ

ಆಯುಧ ಪೂಜೆಯ ಮರುವಾರ ಅವನ ಜೊತೆ ಅತ್ತೆಯೂ ಬಂದರು. ಮಗಳ ಬಾಣಂತನಕ್ಕೆಂದು ಬಂದವರು, ಹೆಂಗಸು ಗಟ್ಟಿಗಿತ್ತಿ. ಟ್ರಿಗರ್ ಒತ್ತಿದರೆ ಒತ್ತಿದ ಕಡೆಯೇ ನಿಲ್ಲುತ್ತದೆ, ವಾಪಸ್ ಬರುವುದಿಲ್ಲ ಎಂಬುದು ದೂರು. ಏನಾದರೂ ಬಿಚ್ಚಿದೆಯಾ ಅಂದರೆ ಇಲ್ಲ ಇಲ್ಲ ಎಂದು ಅವನು ಕೈ ಮುಗಿದ.

ನಾನು ಬಿಚ್ಚಿ ನೋಡಿದೆ. ಒಳಗಿನದೆಲ್ಲ ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ ಅಂಟಿಕೊಂಡಿತ್ತು. ಸ್ಪ್ರಿಂಗಿನ ಸುರುಳಿಯಲ್ಲಿ ಇರುವೆಗಳು ಸಂಸಾರ ಹೂಡಿದ್ದವು.

ಕಾರು, ಲ್ಯಾಪ್‌ಟಾಪು, ಇಡ್ಲಿ ಗ್ರೈಂಡರ್ ಎಲ್ಲಕ್ಕೂ ಬರೀ ಕುಂಕುಮ ಇಟ್ಟರಂತೆ. ಮನೆಯಲ್ಲಿ ನಿಜವಾದ ಆಯುಧ ಅಂತ ಇರುವುದು ಇದೊಂದೇ, ಇದಕ್ಕೆ ಕುಂಕುಮ ಸಾಲದು ಎಂದು ಪಂಚಾಮೃತದ ಅಭಿಷೇಕ ಮಾಡಿಬಿಟ್ಟಿದ್ದರು.

ನನಗೆ ಸಿಟ್ಟು ಬಂತು. ಅಮ್ಮಾ, ಹಾಲು ಹಾಕುವ ಮೊದಲು ಇದು ಖಾಲಿ ಇದೆಯೋ ಇಲ್ಲವೋ ಅಂತ ಯಾರಾದರೂ ನೋಡಿದಿರಾ ಎಂದು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನೇ ತೆರೆಸಿ, ಒಳಗೆ ಬೆರಳಿಟ್ಟು ನೋಡಿದೆ ಕಣಮ್ಮಾ. ಇವರು ಖಾಲಿ ಅಂದ್ರೆ ಖಾಲಿನಾ? ಗ್ಯಾಸ್ ಆಫ್ ಮಾಡಿದೀನಿ ಅಂದವರೂ ಇವರೇ."

ಇಷ್ಟು ವರ್ಷದಲ್ಲಿ ಸುರಕ್ಷತೆಯ ಮೊದಲ ನಿಯಮವನ್ನು ಹೇಳಿಸಿಕೊಳ್ಳದೆ ಪಾಲಿಸಿದ ಒಬ್ಬರೇ ಒಬ್ಬರು ಸಿಕ್ಕರು, ಅವರೂ ರೈಫಲ್ಲಿಗೆ ಬಾಳೆಹಣ್ಣು ಹಾಕಿದ್ದರು. ಬಂದೂಕಿನ ಒಳಗೆ ತುಕ್ಕು ನೋಡಿದ್ದೇನೆ, ಮರಳು ನೋಡಿದ್ದೇನೆ, ಒಮ್ಮೆ ಜೇಡನ ಗೂಡನ್ನೂ ತೆಗೆದಿದ್ದೇನೆ. ಏಲಕ್ಕಿ ಸಿಕ್ಕಿದ್ದು ಅದೇ ಮೊದಲು.

ಬಹುಮತ

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಅವನ ಷಡ್ಡಕ ಇದ್ದಾನೆ. ರಜೆಗೆ ಅಲ್ಲಿಗೆ ಹೋಗುವಾಗ ರೈಫಲ್ಲನ್ನು ಕಾರಿನಲ್ಲಿ ಹಾಕಿಕೊಂಡು, ಎರಡೂ ಕೆರೊಲಿನಾ, ವರ್ಜೀನಿಯಾ ದಾಟಿ, ಷಡ್ಡಕನಿಗೆ ತೋರಿಸಿ ಬರಬೇಕೆಂಬ ಆಸೆ ಇವನಿಗೆ. ಅಷ್ಟರಲ್ಲಿ ಮತ್ತೊಂದು ಬಗೆಯ ಟ್ರಿಗರ್ ಮೇಲೆ ಕಣ್ಣು ಬಿದ್ದಿತ್ತು, ಬೇಗ ಬೇಗ ಹೊಡೆಯಲು ಸಹಾಯ ಮಾಡುವಂಥದ್ದು. ಅದನ್ನು ಹಾಕಿಕೊಡಿ, ಹೊರಡುತ್ತೇನೆ ಅಂದ.

ಆ ಜಾತಿಯ ಟ್ರಿಗರ್ ನನ್ನ ಅಂಗಡಿಯಲ್ಲಿ ಕೂರುವುದಿಲ್ಲ ಅಂದೆ. ಅದಲ್ಲದೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು, ಇಲ್ಲಿ ನಡೆದದ್ದು ಅಲ್ಲಿ ಅಪರಾಧವಾಗಬಹುದು, ಮೊದಲು ಆ ಕಡೆಯ ವಕೀಲರನ್ನು ಕೇಳು ಅಂದೆ.

ಆಗಲೇ ಕೇಳಿದ್ದೇನೆ ಅಂದ. ಯಾರನ್ನು ಅಂದರೆ, ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ವೋಟಿಗೆ ಹಾಕಿದ್ದನಂತೆ. ಏನೂ ಆಗಲ್ಲ, ತಗೊಂಡು ಹೋಗಿ ಎಂಬುದಕ್ಕೆ ಭಾರಿ ಬಹುಮತ. ವಿರುದ್ಧ ವೋಟು ಹಾಕಿದವರು ಒಬ್ಬರೇ, ಅವರು ವಕೀಲರಂತೆ.

ಪೊಲೀಸರು ಹಿಡಿದರೆ ಆ ಬಹುಮತ ನಿನ್ನ ಜೊತೆ ಒಳಗೆ ಬಂದು ಕೂರುತ್ತದೆಯೇ ಎಂದು ಕೇಳಿದೆ. ಅವನು ಗಂಭೀರವಾಗಿ ಯೋಚಿಸಿದ.

"ಜವಾಬ್ದಾರಿ ಗ್ರೂಪ್ ಅಡ್ಮಿನ್‌ದು ಅಲ್ವಾ ಆಂಟಿ?"

ಶಿಫಾರಸು

ಸರ್ಕಾರದ ಇನ್‌ಸ್ಪೆಕ್ಟರ್ ಹೇಳಿ ಬರುವುದಿಲ್ಲ. ಆ ಬೆಳಿಗ್ಗೆಯೂ ಹೇಳದೆಯೇ ಬಂದರು. ಸೊಂಟದಲ್ಲಿ ಬ್ಯಾಡ್ಜು, ಮೂಗಿನ ತುದಿಯಲ್ಲಿ ಕನ್ನಡಕ, ನಗುವ ಅಭ್ಯಾಸವಿಲ್ಲದ ಹೆಂಗಸು. ಕಪಾಟುಗಳನ್ನು ತೆಗೆಸಿದರು, ನನ್ನ ದಾಖಲೆಗಳನ್ನು ತಿರುವಿದರು. ನನ್ನ ಲೆಕ್ಕ ಸರಿಯಿದೆ ಎಂದು ನನಗೆ ಗೊತ್ತಿತ್ತು, ಆದರೂ ಅವರು ತಿರುವಿದ ಒಂದೊಂದು ಪುಟವನ್ನೂ ನಾನೂ ಬಗ್ಗಿ ನೋಡುತ್ತಿದ್ದೆ. ಅವರ ಒಂದು ಅನುಮಾನ ಸಾಕು, ಲೈಸೆನ್ಸು ಗಾಳಿಗೆ ಹಾರುತ್ತದೆ.

ಆಗ ಇವನು ಒಳಗೆ ಬಂದ, ಕೈಯಲ್ಲಿ ಫೋನು.

ಫೋನಿನಲ್ಲಿ ಬೆರಳಿನಷ್ಟಿದ್ದ ಒಂದು ತುಂಡಿನ ಚಿತ್ರ. ಒಮ್ಮೆ ಟ್ರಿಗರ್ ಒತ್ತಿ ಹಿಡಿದರೆ ಗುಂಡುಗಳು ಸಾಲಾಗಿ ಹಾರುವಂತೆ ಮಾಡುವ ತುಂಡು. ಕಾನೂನಿನ ಕಣ್ಣಿಗೆ ಆ ತುಂಡೊಂದೇ ಒಂದು ಮಷೀನ್ ಗನ್. ಯಾವುದೋ ದೇಶದ ವೆಬ್‌ಸೈಟಿನಲ್ಲಿ ಅದಕ್ಕೆ ಬಾಟಲ್ ಓಪನರ್ ಎಂದು ಹೆಸರಿಟ್ಟಿದ್ದರು. ಇವನು ಇನ್ನೂ ಬಟನ್ ಒತ್ತಿರಲಿಲ್ಲ. ವಿಳಾಸದ ಜಾಗದಲ್ಲಿ ನನ್ನ ಅಂಗಡಿಯ ವಿಳಾಸ ತುಂಬಿದ್ದ.

"ನಿಮ್ಗೆ ಲೈಸೆನ್ಸ್ ಇದ್ಯಲ್ಲಾ ಆಂಟಿ, ನಿಮ್ಮ ಹೆಸರಲ್ಲಿ ತರಿಸಿದ್ರೆ ಲೀಗಲ್ ಅಲ್ವಾ?"

ಕನ್ನಡದಲ್ಲೇ, ಹಲ್ಲು ಕಚ್ಚಿ ಹೇಳಿದೆ: ಅದನ್ನು ಮೊದಲು ಅಳಿಸು, ಇದು ಜೈಲಿನ ದಾರಿ, ಅಲ್ಲಿ ನಿಂತಿರುವವರು ಯಾರು ಗೊತ್ತಾ, ಸರ್ಕಾರದವರು.

ಬೇರೆ ಯಾವ ದೇಶದವನೇ ಆಗಿದ್ದರೂ ಈ ಮಾತು ಕೇಳಿ ಬಾಗಿಲ ಕಡೆ ಓಡುತ್ತಿದ್ದ. ಇವನ ಮುಖ ಅರಳಿತು. ದೊಡ್ಡವರು ಇಲ್ಲೇ ಇದ್ದಾರೆ ಅಂದಮೇಲೆ ಒಂದು ಮಾತು ಹೇಳಿಸಿದರಾಯಿತು ಎಂದು ನೇರವಾಗಿ ಇನ್‌ಸ್ಪೆಕ್ಟರ್ ಹತ್ತಿರ ಹೋದ. ನಾನು ಕೌಂಟರ್ ಸುತ್ತಿ ಬರುವಷ್ಟರಲ್ಲಿ ಶುರುಮಾಡಿಬಿಟ್ಟಿದ್ದ.

ಮೇಡಂ, ಈ ಆಂಟಿಗೆ ನೀವಾದರೂ ಸ್ವಲ್ಪ ಹೇಳಿ. ತುಂಬಾ ಹಟ. ಹಗುರ ಟ್ರಿಗರ್ ಹಾಕಿದರೆ ಕಿತ್ತು ಹಳೆಯದನ್ನೇ ಹಾಕಿದರು. ಬೇಗ ಹೊಡೆಯುವ ಟ್ರಿಗರ್ ಕೇಳಿದರೆ ಅಂಗಡಿಯೊಳಗೇ ಬಿಡಲಿಲ್ಲ. ಖಾಲಿ ಇದೆ ಎಂದರೆ ಒಂದು ಸಲವೂ ನಂಬಿದವರಲ್ಲ. ಈಗ ಇಷ್ಟು ಚಿಕ್ಕ ಪಾರ್ಟು, ಪಾರ್ಸೆಲ್ ತಗೊಳ್ಳೋಕೂ ಆಗಲ್ಲ ಅಂತಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳಿ ಮೇಡಂ.

ಇಷ್ಟನ್ನೂ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ಅಳುಕಿಲ್ಲದೆ ಹೇಳಿ ಫೋನು ತೋರಿಸಿದ.

ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿದರು, ಅವನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಹೋದ ಅಂಗಡಿಯಲ್ಲೆಲ್ಲ ಮಾಲೀಕರು ತಾವೆಷ್ಟು ಕಟ್ಟುನಿಟ್ಟು ಎಂದು ತಾವೇ ಹೇಳಿಕೊಳ್ಳುತ್ತಾರೆ, ಸಾಕ್ಷಿ ತಾನಾಗಿ ನಡೆದು ಬಂದದ್ದು ಇದೇ ಮೊದಲು ಎಂದು ದಾಖಲೆಗಳನ್ನು ಮುಚ್ಚಿ ನನ್ನ ಕಡೆ ತಳ್ಳಿದರು. ಆಮೇಲೆ ಅವನ ಕಣ್ಣೆದುರೇ ಆ ತುಂಡನ್ನು ಕಾರ್ಟಿನಿಂದ ತೆಗೆಸಿ, ಅದನ್ನು ತರಿಸಿಕೊಂಡರೆ ಎಷ್ಟು ವರ್ಷ ಒಳಗಿರಬೇಕಾಗುತ್ತದೆ ಎಂದು ಹೇಳಿದರು.

ಅವನು ಬೆವರು ಒರೆಸಿಕೊಂಡ. ಬುದ್ಧಿ ಬಂತು ಅಂದುಕೊಂಡೆ. ಬಂದದ್ದು ಬುದ್ಧಿಯಲ್ಲ. ಇಷ್ಟು ದೊಡ್ಡವರ ಪರಿಚಯವಾಯಿತು, ಬಿಡಬಾರದು ಎಂದು ಅವರ ಫೋನ್ ನಂಬರ್ ಕೇಳಿದ.

ನಂಬರ್ ಬೇಕಿಲ್ಲ, ಮತ್ತೆ ಅದನ್ನು ಆರ್ಡರ್ ಮಾಡಿ ನೋಡಿ, ನಾನೇ ನಿಮ್ಮ ಮನೆಗೆ ಬರುತ್ತೇನೆ ಅಂದರು ಇನ್‌ಸ್ಪೆಕ್ಟರ್.

"ಬನ್ನಿ ಮೇಡಂ," ಅಂದ ಅವನು. "ಊಟಕ್ಕೇ ಬನ್ನಿ."